ಸ್ಯಾಂಪಲ್ ಇಲ್ಲದ ಸಾವು

ಕೆಲಸ ಒಪ್ಪಿಕೊಂಡ ದಿನ ಇದು ಮೂರು ಫಾರಂಗಳ ಕೆಲಸ, ಅಷ್ಟೇ ಎಂದುಕೊಂಡಿದ್ದೆ. ಜ್ವರ ಬಂದ ಮನುಷ್ಯರ ರಕ್ತಕ್ಕೆ ಒಂದು, ಕಾಡಿನ ಉಣುಗಿಗೆ ಒಂದು, ಸತ್ತ ಮಂಗಕ್ಕೆ ಒಂದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆಯ ಮೇಲೆ ಕಣ್ಣಿಡಲು ಒಂದು ಸ್ವಯಂಸೇವಾ ಸಂಸ್ಥೆ ಮೊಬೈಲ್ ಆ್ಯಪ್ ಮಾಡಿಸುತ್ತಿತ್ತು. ಒಂದು ಸೀಸನ್ನಿನ ಪ್ರಯೋಗ. ಹಳ್ಳಿಯ ಆಶಾ ಕಾರ್ಯಕರ್ತೆಯರು ಫೋನಿನಲ್ಲಿ ಮಾಹಿತಿ ತುಂಬಬೇಕು, ಪ್ರಯೋಗಾಲಯದವರು ಅದಕ್ಕೆ ಫಲಿತಾಂಶ ಸೇರಿಸಬೇಕು, ವೈರಸ್ ಕಂಡ ಊರು ನಕ್ಷೆಯಲ್ಲಿ ಕೆಂಪಾಗಬೇಕು. ಕೆಂಪಾದ ಊರಿಗೆ ಸಂಸ್ಥೆಯ ಜೀಪು ಹೋಗಿ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತದೆ, ಸ್ವಲ್ಪ ದಿನ ಕಾಡಿಗೆ ಹೋಗಬೇಡಿ ಎಂದು ಮೈಕಿನಲ್ಲಿ ಕೂಗುತ್ತದೆ.

ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಮಂಗ ಸತ್ತು ಬಿದ್ದ ಜಾಗದಲ್ಲಿ ಅದರ ಮೈಮೇಲಿದ್ದ ಉಣುಗುಗಳು ನೆಲಕ್ಕೆ ಇಳಿಯುತ್ತವೆ. ಎಳ್ಳಿಗಿಂತ ಸಣ್ಣವು, ಕಣ್ಣಿಗೆ ಬೀಳುವುದಿಲ್ಲ. ಕೊಟ್ಟಿಗೆಗೆ ಹಾಸುವ ಒಣ ಎಲೆಯ ದರಗು ಗುಡಿಸಲು, ಸೌದೆ ತರಲು ಆ ದಾರಿಯಲ್ಲಿ ಹೋದವರ ಕಾಲಿಗೆ ಹತ್ತುತ್ತವೆ. ವಾರದೊಳಗೆ ಜ್ವರ. ಹಾಗಾಗಿ ಮಂಗ ಸತ್ತ ಸುದ್ದಿ ಬೇಗ ಸಿಕ್ಕಷ್ಟೂ ಒಬ್ಬರೋ ಇಬ್ಬರೋ ಉಳಿದುಕೊಳ್ಳುತ್ತಾರೆ. ನನ್ನ ಆ್ಯಪ್ ಮಾಡಬೇಕಾಗಿದ್ದದ್ದು ಅದೊಂದನ್ನೇ.

ಸಾಗರದ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆ ನನ್ನ ಆಫೀಸು. ಜೈನರ ಮನೆಯವಳು ನಾನು. ಇರುವೆ ಸಾಲು ಕಂಡರೆ ದಾಟಿ ಹೋಗುವ ಜನ ನಮ್ಮವರು. ರಿಪ್ಪನ್‌ಪೇಟೆಯಿಂದ ಫೋನ್ ಮಾಡಿದ ಅಮ್ಮನಿಗೆ ಕೆಲಸದ ವಿವರ ಹೇಳಿದೆ.

"ಉಣುಗು ಹಿಡ್ದು, ಅರ್ದು, ಅದಕ್ಕೆ ನಂಬರ್ ಕೊಡೋದಾ? ನಮ್ಮೋರು ಮಾಡೋ ಕೆಲಸಾನ ಇದು?" ಎಂದರು.

"ಅರೆಯೋರು ಬೇರೆ ಇದಾರಮ್ಮ, ನಾನು ಬರೀ ನಂಬರ್ ಕೊಡೋಳು" ಎಂದೆ.

ಮೂರು ಫಾರಂಗಳನ್ನು ಬೇರೆ ಬೇರೆ ಬರೆದಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ನಾನು ಹಾಗೆ ಬರೆಯಲಿಲ್ಲ. ಒಂದೇ ಸಾಲನ್ನು ಎರಡು ಕಡೆ ಬರೆಯುವುದೆಂದರೆ ನನಗೆ ಮೈ ಉರಿಯುತ್ತದೆ, ಮೂರು ಕಡೆ ಎಂದರೆ ಊಟ ಸೇರುವುದಿಲ್ಲ. ಮೂರರಲ್ಲೂ ನಂಬರ್ ಇದೆ, ದಿನಾಂಕ ಇದೆ, ಊರು ಇದೆ, ಕೊನೆಗೆ ಒಂದು ಫಲಿತಾಂಶ ಇದೆ. ಬದಲಾಗುವುದು ಫಲಿತಾಂಶದ ಸ್ವರೂಪ ಮಾತ್ರ. ರಕ್ತವಾದರೆ ಒಬ್ಬ ಮನುಷ್ಯನಿಗೆ ಒಂದು ಉತ್ತರ. ಉಣುಗಾದರೆ ಹತ್ತಾರನ್ನು ಒಟ್ಟಿಗೆ ಅರೆದು ಆ ಗುಂಪಿಗೆಲ್ಲ ಒಂದು ಉತ್ತರ. ಮಂಗವಾದರೆ ಮಿದುಳಿಗೊಂದು, ಯಕೃತ್ತಿಗೊಂದು, ಹೀಗೆ ಒಂದೇ ಪ್ರಾಣಿಗೆ ಹಲವು ಉತ್ತರ.

ಇಂಥದ್ದಕ್ಕೆಂದೇ ನಮ್ಮ ಕಸುಬಿನಲ್ಲಿ ಎರಡು ಉಪಾಯಗಳಿವೆ. ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸ್. ಕ್ಲಾಸ್ ಅಂದರೆ ಕೋಡಿನಲ್ಲಿ ಒಂದು ಬಗೆಯ ವಸ್ತುವಿನ ನಮೂನೆ, ಅಬ್‌ಸ್ಟ್ರಾಕ್ಟ್ ಎಂದರೆ ಅದು ಅಚ್ಚು ಹಾಕಿಸಿದ ಖಾಲಿ ಅರ್ಜಿಯ ಹಾಗೆ. ಖಾಲಿಯನ್ನೇ ಯಾರೂ ಸಲ್ಲಿಸುವಂತಿಲ್ಲ, ಅದರಿಂದ ಹುಟ್ಟುವ ಪ್ರತಿ ಕ್ಲಾಸೂ ತನ್ನ ಖಾಲಿ ಜಾಗಗಳನ್ನು ತುಂಬಲೇಬೇಕು, ತುಂಬದಿದ್ದರೆ ಪ್ರೋಗ್ರಾಂ ಏಳುವುದೇ ಇಲ್ಲ. ಇನ್ನೊಂದು ಜೆನೆರಿಕ್ ಟೈಪ್. ಯಾವ ಜಾತಿಯ ವಸ್ತು ಬರುತ್ತದೆಂದು ಈಗಲೇ ಹೇಳದೆ 'ಟಿ' ಎಂಬ ಒಂದಕ್ಷರ ಇಟ್ಟು ಮುಂದೆ ಹೋಗುವುದು. ಆಮೇಲೆ ರಕ್ತದ ಕ್ಲಾಸ್ ಬಂದು ನನ್ನ ಟಿ ಅಂದರೆ ರಕ್ತದ ಫಲಿತಾಂಶ ಎನ್ನುತ್ತದೆ, ಉಣುಗಿನ ಕ್ಲಾಸ್ ಬಂದು ನನ್ನ ಟಿ ಅಂದರೆ ಗುಂಪಿನ ಫಲಿತಾಂಶ ಎನ್ನುತ್ತದೆ.

ಎರಡನ್ನೂ ಸೇರಿಸಿ 'ಸ್ಯಾಂಪಲ್' ಎಂಬ ತಾಯಿ ಕ್ಲಾಸ್ ಬರೆದೆ. ಟಿ ಏನು ಬೇಕಾದರೂ ಆಗಿರಲಿ, ಆದರೆ ಅದು ಫಲಿತಾಂಶದ ಕುಲಕ್ಕೇ ಸೇರಿರಬೇಕು ಎಂದು ಕಟ್ಟು ಹಾಕಿದೆ. 'ಫಲಿತಾಂಶ ಕೊಡು' ಎಂಬ ಖಾಲಿ ಜಾಗ ಇಟ್ಟು, ಅದನ್ನು ರಕ್ತ, ಉಣುಗು, ಮಂಗ ಎಂಬ ಮೂರು ಮಕ್ಕಳೂ ತುಂಬಲೇಬೇಕೆಂದು ಮಾಡಿದೆ. ನಕ್ಷೆ, ಎಚ್ಚರಿಕೆ, ವಾರದ ವರದಿ ಎಲ್ಲವೂ ಈ ತಾಯಿಯ ಜೊತೆಗಷ್ಟೇ ಮಾತಾಡುತ್ತವೆ. ಪರದೆಯ ಮೇಲೆ ಅದನ್ನು ನೋಡಿ ಬಹಳ ಹೊತ್ತು ಬೀಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದೆನಿಸಿದರೆ ತಪ್ಪೇನು, ನನ್ನದು ನಿಜಕ್ಕೂ ಮುದ್ದಾಗಿಯೇ ಇತ್ತು.

ಮೊದಲ ಪೆಟ್ಟು ಫೋನಿನಲ್ಲಿ ಬಿತ್ತು. ಈ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ನೆತ್ತಿಯಲ್ಲಿ, ಇಲ್ಲವೇ ಯಾರದೋ ಅಂಗಳದ ಒಂದು ಮೂಲೆಯಲ್ಲಿ. ಹಾಗಾಗಿ ತುಂಬಿದ ಫಾರಂ ಮೊದಲು ಫೋನಿನೊಳಗೇ ಉಳಿದು, ಸಿಗ್ನಲ್ ಬಂದಾಗ ಹೋಗುವಂತೆ ಮಾಡಿದ್ದೆ. ಉಳಿಯುವಾಗ ಎಲ್ಲವೂ ಬರೀ ಅಕ್ಷರಗಳಾಗಿ ಉಳಿಯುತ್ತವೆ. ತಿರುಗಿ ಓದುವಾಗ ತೊಂದರೆ ಶುರುವಾಯಿತು. ನಾನು ಕೋಡ್ ಬರೆಯುವ ಜಾವಾ ಭಾಷೆಯಲ್ಲಿ ಈ ಟಿ ಎನ್ನುವುದು ಬರೆಯುವ ಹೊತ್ತಿನ ಕಾವಲುಗಾರ ಮಾತ್ರ. ಪ್ರೋಗ್ರಾಂ ಓಡುವ ಹೊತ್ತಿಗೆ ಅದು ಅಳಿಸಿಹೋಗಿರುತ್ತದೆ. ಓದುವ ಕೋಡಿಗೆ ಯಾವ ಟಿ ಎಂದು ಗೊತ್ತಾಗದೆ ಸಿಕ್ಕಿದ್ದನ್ನೆಲ್ಲ ರಕ್ತ ಎಂದುಕೊಂಡಿತು. ಹೊಸನಗರ ಕಡೆಯ ಒಂದು ಉಣುಗಿನ ಗುಂಪಿಗೆ ಜ್ವರ ಬಂದು ನಾಲ್ಕನೇ ದಿನ ಎಂದು ವರದಿ ಬಂತು. ಪ್ರತಿ ಮಗುವೂ ಹುಟ್ಟುವಾಗಲೇ ತನ್ನ ಟಿ ಯಾವುದೆಂದು ಬಾಯಿಬಿಟ್ಟು ಹೇಳುವಂತೆ, ಆ ಹೆಸರು ಅಕ್ಷರಗಳ ಜೊತೆಗೇ ಉಳಿಯುವಂತೆ ತಿದ್ದಿ ಬರೆದೆ. ನಾಲ್ಕು ದಿನ ಹೋಯಿತು.

ಎರಡನೆಯದು ನನ್ನದೇ ಅವಸರ. ಸ್ಯಾಂಪಲ್ ನಂಬರಿನ ಮುಂದೆ ತಾಲ್ಲೂಕಿನ ಗುರುತು ಬರಬೇಕಿತ್ತು. ಆ ಗುರುತನ್ನು ಮಕ್ಕಳಿಂದ ಕೇಳಿ ನಂಬರ್ ಕಟ್ಟುವ ಕೆಲಸವನ್ನು ತಾಯಿ ಕ್ಲಾಸ್ ಹುಟ್ಟುವ ಹೊತ್ತಿಗೇ ಮಾಡಿಸಿದ್ದೆ. ಆದರೆ ಹುಟ್ಟುವಾಗ ತಾಯಿಯ ಭಾಗ ಮೊದಲು, ಮಗುವಿನ ಭಾಗ ಆಮೇಲೆ. ಇನ್ನೂ ಹುಟ್ಟದ ಮಗುವನ್ನು ನಿನ್ನ ತಾಲ್ಲೂಕು ಯಾವುದು ಎಂದು ಕೇಳಿದರೆ ಅದೇನು ಹೇಳೀತು? ನಲ್ ಎಂದಿತು, ಅಂದರೆ ಏನೂ ಇಲ್ಲ ಎಂದು. ಪ್ರಯೋಗಾಲಯದ ತಂತ್ರಜ್ಞ ಫೋನ್ ಮಾಡಿದರು.

"ಮೇಡಂ, ಈ ನಲ್ ಅನ್ನೋದು ಯಾವ ತಾಲ್ಲೂಕು? ಒಂದು ಡಬ್ಬ ತುಂಬ ನಲ್ಲೇ ಬಂದಿದಾವೆ."

"ಸರ್, ಅದು ನನ್ನ ತಪ್ಪು. ಬಾಟ್ಲಿ ಮೇಲೆ ಊರ ಹೆಸರಿದ್ಯಾ?"

"ಇದೆ. ಆಶಾದವ್ರು ಪೆನ್ನಲ್ಲಿ ಬರ್ದಿದಾರೆ. ನಿಮ್ಮ ಮಿಷಿನ್ ನಂಬ್ದೆ ಬರ್ದಿದಾರೆ, ಪುಣ್ಯ."

ನಗುತ್ತಲೇ ಹೇಳಿದರು, ನನಗೆ ತಟ್ಟಿತು. ಸರಿಪಡಿಸಿದೆ. ಮತ್ತೆ ಎರಡು ದಿನ. ಇವೆರಡೂ ಪುಸ್ತಕದಲ್ಲಿರುವ ತಪ್ಪುಗಳು, ಕಸುಬಿನವರೆಲ್ಲ ಒಮ್ಮೆ ಬೀಳುವ ಹಳ್ಳಗಳು. ಮೂರನೆಯದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಮೇಗರವಳ್ಳಿ ದಾಟಿ ಒಳಗಿರುವ ಒಂದು ಊರಿನ ಆಶಾ ಕಾರ್ಯಕರ್ತೆ ನನಗೆ ನೇರ ಫೋನ್ ಮಾಡಿದರು. ತರಬೇತಿಯ ದಿನ ನನ್ನ ನಂಬರ್ ಕೊಟ್ಟಿದ್ದೆ. ಉಳಿದವರು ಅದನ್ನು ಬರೆದುಕೊಂಡು ಮರೆತಿದ್ದರು, ಇವರು ಮರೆತಿರಲಿಲ್ಲ.

"ಅಕ್ಕ, ಇಲ್ಲೊಂದು ಮಂಗ ಸತ್ತಿತ್ತು. ಎಲ್ಲಿ ಹಾಕೋದು ಅದನ್ನ?"

"ಮಂಗದ ಫಾರಂ ಇದ್ಯಲ್ಲ. ಸ್ಯಾಂಪಲ್ ನಂಬರ್ ಹಾಕಿ, ಮುಂದಕ್ಕೆ ಹೋಗುತ್ತೆ."

"ಸ್ಯಾಂಪಲ್ ಇಲ್ಲಲ್ಲ ಅಕ್ಕ."

"ಸ್ಯಾಂಪಲ್ ಇಲ್ದೆ ಹೋಗಲ್ಲ. ತಗೊಂಡ್ಮೇಲೆ ಹಾಕಿ."

"ಅಲ್ಲ ಅಕ್ಕ, ಅದು..." ಎನ್ನುವಷ್ಟರಲ್ಲಿ ಲೈನು ಹೋಯಿತು. ನಾನು ತಿರುಗಿ ಮಾಡಲಿಲ್ಲ. ವಾರದ ವರದಿಯಲ್ಲಿ ಒಂದು ಅಂಕಣ ಸರಿಯಾಗಿ ಕೂರುತ್ತಿರಲಿಲ್ಲ, ತಲೆ ಅಲ್ಲಿತ್ತು.

ಹತ್ತು ದಿನ ಕಳೆದ ಮೇಲೆ ಪ್ರಯೋಗಾಲಯದ ತಂತ್ರಜ್ಞರು ಒಂದು ಪಟ್ಟಿ ಕಳಿಸಿ, ಈ ರಕ್ತದ ಸ್ಯಾಂಪಲ್‌ಗಳು ನೋಂದಣಿಯಾಗಿವೆ, ಬಾಟಲಿಗಳು ಮಾತ್ರ ಬಂದಿಲ್ಲ ಎಂದರು. ತೆರೆದು ನೋಡಿದೆ. ನಾಲ್ಕು ಜನ. ನಾಲ್ವರ ಹೆಸರೂ ಆಂಜನೇಯ. ಗಂಡು. ವಯಸ್ಸು ಒಂದರಲ್ಲಿ ಐದು, ಒಂದರಲ್ಲಿ ಎರಡು. ಜ್ವರದ ದಿನ ಸೊನ್ನೆ. ಊರು ಅದೇ, ತುಂಬಿದವರು ಅದೇ ಆಶಾ. ನಾನು ಗಟ್ಟಿಯಾಗಿ ನಕ್ಕೆ. ಕೆಳಗಿನ ಬಟ್ಟೆ ಅಂಗಡಿಯವರಿಗೂ ಕೇಳಿಸಿರಬೇಕು. ನಗು ನಿಂತ ಮೇಲೆ ಸಿಟ್ಟು ಬಂತು. ಇಷ್ಟು ಬಿಗಿಯಾಗಿ ಕಟ್ಟು ಹಾಕಿದ ಕೋಡಿನೊಳಗೆ ಕಸ ಸುರಿಯುತ್ತಿದ್ದಾರಲ್ಲ ಎಂದು. ನಾಲ್ಕನ್ನೂ ಅಳಿಸಿದೆ. ಬಾಟಲಿ ಬಾರದ ನೋಂದಣಿಗಳು ಐದು ದಿನಕ್ಕೆ ತಾವಾಗಿಯೇ ಅಳಿಯುವಂತೆ ಒಂದು ತುಂಡು ಕೋಡ್ ಕೂಡ ಸೇರಿಸಿದೆ. ಆಮೇಲೆ ಫೋನ್ ಮಾಡಿ ಗದರಿದೆ.

ಅವರು ಎಲ್ಲ ಕೇಳಿಸಿಕೊಂಡು ಹೇಳಿದರು: "ಮಣ್ಣು ಮಾಡಿಬಿಡ್ತಾರೆ ಅಕ್ಕ. ನಂಗೆ ಸುದ್ದಿ ಬರೋಷ್ಟೊತ್ತಿಗೆ ಎಲ್ಲ ಆಗಿರ್ತದೆ. ಅರಿಶಿನ ಕುಂಕುಮ ಹಚ್ಚಿ, ಬಿಳಿ ಬಟ್ಟೆ ಸುತ್ತಿ, ಕಾಯಿ ಒಡ್ದು. ಇನ್ನು ಅಗ್ದು ತೆಗೀರಿ ಅಂತ ಹೇಳಕ್ಕಾಗ್ತದಾ? ನನ್ನನ್ನೇ ಹುಗೀತಾರೆ ಅಷ್ಟೇ."

"ಕಾಯಿಲೆ ಹೆದ್ರಿಕೆ ಇಲ್ವಾ ಅವ್ರಿಗೆ?"

"ಹೆದ್ರಿಕೆ ಇದ್ದೇ ಇದೆ. ಅದಕ್ಕೇ ಬೇಗ ಮಾಡ್ತಾರೆ. ಹೆದ್ರಿಕೆ ಅಂತ ಆಂಜನೇಯನ್ನ ನಾಯಿ ಎಳೀಲಿ ಅಂತ ಬಿಡ್ತಾರಾ? ನಿಮ್ಮ ಫಾರಂ ಹೆಸ್ರು ಕೇಳ್ತು, ವಯಸ್ಸು ಕೇಳ್ತು. ಅಂದಾಜಲ್ಲಿ ಹಾಕ್ದೆ. ಎಲ್ಲಾದ್ರೂ ಒಂದು ಕಡೆ ಹೋಗ್ಲಿ ಅಂತ."

ನನಗೆ ಗೊತ್ತಿಲ್ಲದ ವಿಷಯವಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ರಿಪ್ಪನ್‌ಪೇಟೆಯಲ್ಲಿ ನಮ್ಮ ಬೀದಿಯ ತಂತಿಗೆ ಸಿಕ್ಕಿ ಮಂಗವೊಂದು ಸತ್ತಾಗ ಪಕ್ಕದ ಮನೆಯವರು ಅದನ್ನು ಹೀಗೆಯೇ ಮಣ್ಣು ಮಾಡಿದ್ದರು. ಮೂರನೇ ದಿನ ಬೀದಿಯವರಿಗೆಲ್ಲ ಪಾನಕ ಕೊಟ್ಟರು, ನಾನೂ ಎರಡು ಲೋಟ ಕುಡಿದಿದ್ದೆ. ಅದೇ ನಾನು ಮಂಗದ ಕ್ಲಾಸ್ ಬರೆಯುವಾಗ ಮಿದುಳಿಗೆ ಜಾಗ ಇಟ್ಟೆ, ಯಕೃತ್ತಿಗೆ ಜಾಗ ಇಟ್ಟೆ, ಈ ನಾಡಿನಲ್ಲಿ ಮಂಗ ಸತ್ತರೆ ಜನ ಏನು ಮಾಡುತ್ತಾರೆ ಎಂಬುದಕ್ಕೆ ಜಾಗ ಇಡಲಿಲ್ಲ. ಫಲಿತಾಂಶ ಇಲ್ಲದ ವಸ್ತು ನನ್ನ ಕೋಡಿನಲ್ಲಿ ಹುಟ್ಟುವಂತೆಯೇ ಇರಲಿಲ್ಲ. ಟಿ ಇಲ್ಲದ ಸಾವು ಅಲ್ಲಿ ಸಾವೇ ಅಲ್ಲ.

"ಸದ್ಯಕ್ಕೆ ಒಂದು ಕೆಲ್ಸ ಮಾಡಿ" ಎಂದೆ. "ಎಲ್ಲಿ ಸತ್ತಿತ್ತೋ ಆ ಜಾಗದ್ದು ಒಂದು ಫೋಟೊ ತೆಗ್ದು ನಂಗೆ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಕಳ್ಸಿ. ಫೋಟೊದಲ್ಲಿ ಜಾಗದ ಗುರುತು ತಾನಾಗೇ ಬರುತ್ತೆ. ನಾನು ಹೇಳಿ ಮಾಡಿಸ್ತೀನಿ."

"ಅಲ್ಲಿಗೇ ಹೋಗಿ ತೆಗೀಬೇಕಾ?"

"ಹೌದು, ಆ ಜಾಗದಲ್ಲೇ. ಇಲ್ದಿದ್ರೆ ಗುರುತು ನಿಮ್ಮನೇದು ಬರುತ್ತೆ."

"ಆಯ್ತು ಅಕ್ಕ, ಹೋಗ್ತೀನಿ."

ಈ ಮೂರು ಸಾಲನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಫೋಟೊಗಳು ಬಂದವು. ಕಾಡು ಬಾಳೆಯ ಬುಡ, ಒಣಗಿದ ಎಲೆಯ ರಾಶಿ, ಹೊಸ ಮಣ್ಣಿನ ದಿಬ್ಬದ ಮೇಲೆ ಎರಡು ಹೋಳು ತೆಂಗಿನಕಾಯಿ. ಒಂದರಲ್ಲಿ ಅವರ ಚಪ್ಪಲಿಯ ತುದಿ ಕಾಣುತ್ತಿತ್ತು. ಅಷ್ಟು ಹತ್ತಿರ ನಿಂತು ತೆಗೆದಿದ್ದರು. ಅವನ್ನು ನಕ್ಷೆಗೆ ಸೇರಿಸಲು ಕುಳಿತರೆ ನಕ್ಷೆ ನನ್ನ ಕೈಗೂ ಬಗ್ಗಲಿಲ್ಲ. ಅದಕ್ಕೆ ಸ್ಯಾಂಪಲ್ ಬೇಕು, ಸ್ಯಾಂಪಲ್‌ಗೆ ಟಿ ಬೇಕು. ಫೋಟೊಗಳನ್ನು ಸಂಸ್ಥೆಯ ಸಂಯೋಜಕರಿಗೆ ಕಳಿಸಿ, ಆ ಊರಿಗೆ ಜೀಪು ಕಳಿಸಿ ಎಂದೆ. ಶಿವಮೊಗ್ಗದಲ್ಲಿ ಕೂತ ಸಭ್ಯ ಮನುಷ್ಯ, ಎಂದೂ ಧ್ವನಿ ಏರಿಸಿದವರಲ್ಲ.

"ಮೇಡಂ, ಪುರಾವೆ ಇಲ್ದೆ ಜೀಪು ಕಳ್ಸಿದ್ರೆ ಎಲ್ಲಾ ಊರವ್ರೂ ಕೇಳ್ತಾರೆ. ಮಂಗ ವಯಸ್ಸಾಗೂ ಸಾಯುತ್ತೆ, ಬಿದ್ದೂ ಸಾಯುತ್ತೆ. ಸಿಸ್ಟಮ್ಮಲ್ಲಿ ಕೆಂಪಾದ್ರೆ ನಾನೇ ಕಳಿಸ್ತೀನಿ."

"ಸಿಸ್ಟಮ್ಮಲ್ಲಿ ಅದನ್ನ ಹಾಕಕ್ಕೇ ಜಾಗ ಇಲ್ಲ ಸರ್."

"ಸಿಸ್ಟಮ್ ಮಾಡಿದ್ದು ನೀವೇ ಅಲ್ವಾ?"

ವ್ಯಂಗ್ಯವಾಗಿ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದರು. ಬದಲಾಯಿಸಲು ಅನುಮತಿ ಕೇಳಿದೆ. ಸೀಸನ್ ನಡುವೆ ಬೇಡ, ಓಡುತ್ತಿರುವುದು ನಿಂತರೆ ಕಷ್ಟ, ಮಳೆ ಹಿಡಿದ ಮೇಲೆ ನೋಡೋಣ ಎಂದರು. ಒಪ್ಪಿಕೊಂಡೆ. ಅನುಮತಿ ಸಿಗದಿದ್ದದ್ದು ಒಳಗೊಳಗೇ ಸಮಾಧಾನವೂ ಆಗಿತ್ತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಅಷ್ಟು ಚೆಂದದ ತಾಯಿ ಕ್ಲಾಸನ್ನು ಸೀಳಲು ನನಗೆ ಮನಸ್ಸಿರಲಿಲ್ಲ.

ಆಮೇಲೆ ಫೋಟೊ ಬರುವುದು ನಿಂತಿತು. ಮಂಗಗಳು ಸಾಯುವುದು ನಿಂತಿರಬೇಕು ಎಂದುಕೊಂಡೆ. ಮನಸ್ಸಿಗೆ ಅನುಕೂಲವಾದದ್ದನ್ನೇ ಅಂದುಕೊಳ್ಳುವುದು ಎಷ್ಟು ಸುಲಭ. ಒಂದು ಮಧ್ಯಾಹ್ನ ಹೊಸ ನೋಂದಣಿಗಳನ್ನು ನೋಡುತ್ತಿದ್ದೆ. ರಕ್ತದ ಸ್ಯಾಂಪಲ್, ತೀರ್ಥಹಳ್ಳಿ ತಾಲ್ಲೂಕು, ಹೆಣ್ಣು, ವಯಸ್ಸು ಮೂವತ್ತೆಂಟು, ಜ್ವರದ ಐದನೇ ದಿನ. ಹೆಸರು ನನಗೆ ಫೋಟೊ ಕಳಿಸುತ್ತಿದ್ದ ಆಶಾ ಕಾರ್ಯಕರ್ತೆಯದ್ದು. ತುಂಬಿದವರು ಪಕ್ಕದ ಊರಿನ ಆಶಾ. ಸಂಜೆಯೊಳಗೆ ಫಲಿತಾಂಶ ಸೇರಿತು. ಟಿ ತನ್ನ ಜಾಗದಲ್ಲಿ ಸರಿಯಾಗಿ ಕೂತಿತು, ನಂಬರಿನ ಮುಂದೆ ತಾಲ್ಲೂಕಿನ ಗುರುತು ಸರಿಯಾಗಿ ಬಂತು, ಪಾಸಿಟಿವ್ ಎಂಬ ಪದ ಬಿದ್ದ ಕ್ಷಣಕ್ಕೆ ಊರು ಕೆಂಪಾಯಿತು. ಎಲ್ಲೂ ಒಂದು ದೋಷವಿಲ್ಲ. ಆ ಆ್ಯಪ್ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುದಿನ ಜೀಪು ಹೋಯಿತು, ಎಣ್ಣೆ ಹಂಚಿತು, ಮೈಕಿನಲ್ಲಿ ಕೂಗಿತು.

ಅಂದು ತೀರ್ಮಾನ ಮಾಡಿದೆ. ಯಾರ ಅನುಮತಿಯನ್ನೂ ಕೇಳದೆ ತಾಯಿ ಕ್ಲಾಸನ್ನು ಸೀಳುವುದು.

ಮೊದಲು ಕಳ್ಳದಾರಿ ಹುಡುಕಿದೆ. ಫಲಿತಾಂಶದ ಜಾಗದಲ್ಲಿ ನಲ್ ಕೊಟ್ಟು ನೋಡಿದೆ. ನಕ್ಷೆ, ವರದಿ, ಎಚ್ಚರಿಕೆ ಎಲ್ಲ ಕಡೆ ಪಾಸಿಟಿವ್ ಹೌದೋ ಅಲ್ಲವೋ ಎಂದು ಫಲಿತಾಂಶವನ್ನು ಕೇಳುವ ಸಾಲುಗಳಿದ್ದವು. ಇಲ್ಲದ್ದನ್ನು ಕೇಳಿದ ಪ್ರತಿ ಕಡೆಯೂ ಪ್ರೋಗ್ರಾಂ ಮುಗ್ಗರಿಸಿತು. ಎರಡನೆಯದಾಗಿ 'ಫಲಿತಾಂಶವಿಲ್ಲ' ಎಂಬ ಹೆಸರಿನ ಒಂದು ಹೊಸ ಫಲಿತಾಂಶವನ್ನೇ ಸೃಷ್ಟಿಸಿದೆ. ಕಟ್ಟು ಒಪ್ಪಿಕೊಂಡಿತು, ಕೋಡಿನಲ್ಲಿ ದೋಷ ತೋರಿಸುವ ಕೆಂಪು ಗೆರೆಗಳು ಮಾಯವಾದವು. ಖುಷಿಯಿಂದ ಪರೀಕ್ಷೆಗೆ ಹಾಕಿದೆ. ಆದರೆ ಅದೂ ಫಲಿತಾಂಶದ ಕುಲದ್ದಾದ್ದರಿಂದ ಪಾಸಿಟಿವ್ ಹೌದೋ ಅಲ್ಲವೋ ಎಂಬುದಕ್ಕೆ ಉತ್ತರ ಕೊಡಲೇಬೇಕಿತ್ತು. ಅಲ್ಲ ಎಂದು ಬರೆದಿದ್ದೆ. ಒಂದು ಸಾವನ್ನು ಸೇರಿಸಿ ನಕ್ಷೆ ತೆರೆದರೆ ಆ ಊರು ಹಸಿರಾಗಿತ್ತು. ಹಸಿರೆಂದರೆ ಕ್ಷೇಮ, ಕಾಡಿಗೆ ಹೋಗಬಹುದು. ಪರೀಕ್ಷೆಯ ನಕ್ಷೆಯಾಗಿತ್ತು, ಹೊರಗೆ ಯಾರೂ ನೋಡಲಿಲ್ಲ. ನಾನು ನೋಡಿದೆನಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋಗಿ ಬಸ್ ಸ್ಟ್ಯಾಂಡಿನ ಬಳಿ ಕಾರಣವಿಲ್ಲದೆ ಒಂದು ಸುತ್ತು ಹಾಕಿ ಬಂದೆ.

ಉಳಿದದ್ದು ನೇರ ದಾರಿ. ಸ್ಯಾಂಪಲ್‌ಗೂ ಮೇಲೆ 'ವರದಿ' ಎಂಬ ಇನ್ನೊಂದು ಅಬ್‌ಸ್ಟ್ರಾಕ್ಟ್ ಕ್ಲಾಸ್. ಅದಕ್ಕೆ ಟಿ ಇಲ್ಲ. ಎಲ್ಲಿ, ಯಾವಾಗ, ಯಾರು ಹೇಳಿದರು, ಜೊತೆಗೆ ತುಂಬಲೇಬೇಕಾದ ಒಂದೇ ಖಾಲಿ ಜಾಗ: ಜನರನ್ನು ಎಚ್ಚರಿಸಬೇಕೇ? ಸ್ಯಾಂಪಲ್ ಅದರ ಮಗಳು, ಅವಳು ತನ್ನ ಟಿಯನ್ನು ಕೇಳಿ ಉತ್ತರ ಕೊಡುತ್ತಾಳೆ. 'ಸಾವು' ಇನ್ನೊಬ್ಬಳು ಮಗಳು, ಅವಳ ಬಳಿ ಫಲಿತಾಂಶ ಇಲ್ಲ, ಉತ್ತರ ಮಾತ್ರ ಯಾವಾಗಲೂ ಹೌದು. ಹೇಳುವಾಗ ಇಷ್ಟೇ. ಮೊದಲ ದಿನವೇ ಇದು ಹೊಳೆದಿದ್ದರೆ ಒಂದು ತಾಸಿನ ಕೆಲಸ.

ಆಗ ಅದು ತಾಸಿನ ಕೆಲಸವಾಗಿ ಉಳಿದಿರಲಿಲ್ಲ. ಟಿ ಎಲ್ಲಾ ಕಡೆ ಬೇರು ಬಿಟ್ಟಿತ್ತು. ಒಂದು ಫೈಲಿನಿಂದ ಕಿತ್ತರೆ ಇನ್ನೂ ಹತ್ತು ಫೈಲು ದೋಷದ ಗೆರೆಗಳಿಂದ ಕೆಂಪಾಗುತ್ತಿದ್ದವು. ಸ್ಯಾಂಪಲ್‌ಗಳ ಪಟ್ಟಿಯನ್ನು ವರದಿಗಳ ಪಟ್ಟಿ ಕೇಳುವ ಕಡೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಸ್ಯಾಂಪಲ್ ಒಂದು ವರದಿಯೇ ಆದರೂ ಸ್ಯಾಂಪಲ್‌ಗಳ ಪಟ್ಟಿ ವರದಿಗಳ ಪಟ್ಟಿಯಲ್ಲ ಎಂದು ಭಾಷೆ ಹಟ ಹಿಡಿಯುತ್ತದೆ. ಆ ಹಟಕ್ಕೆ ಕಾರಣವೂ ಇದೆ, ಬೇರೆ ದಿನವಾಗಿದ್ದರೆ ಮೆಚ್ಚಿಕೊಳ್ಳುತ್ತಿದ್ದೆ. ಫೋನುಗಳಲ್ಲಿ ಆಗಲೇ ಉಳಿದು ಕೂತಿದ್ದ ಹಳೆಯ ನೋಂದಣಿಗಳನ್ನು ಹೊಸ ಕೋಡ್ ಓದಲು ಒಪ್ಪದೆ ಮತ್ತೆ ಮೂರು ದಿನ ತಿಂದಿತು. ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುನ್ನ ಆ ಆಶಾ ಅವರನ್ನು ಸೇರಿಸಿದ್ದ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದೆ. ಜ್ವರ ಇಳಿದಿದೆ ಎಂದರು ಒಂದು ದಿನ. ಮತ್ತೆ ಏರಿದೆ, ಮಾತು ತೊದಲುತ್ತಿದೆ ಎಂದರು ಇನ್ನೊಂದು ದಿನ. ಈ ಕಾಯಿಲೆಗೆ ಅದೊಂದು ಕೆಟ್ಟ ಅಭ್ಯಾಸ, ಹೋದ ಹಾಗೆ ಮಾಡಿ ತಿರುಗಿ ಬರುತ್ತದೆ.

ಹೊಸ ಆವೃತ್ತಿ ಸಿದ್ಧವಾಗಿ ಎಲ್ಲರ ಫೋನುಗಳಿಗೆ ಹೋಗುವ ಹೊತ್ತಿಗೆ ಮೇ ಕೊನೆ. ಮಳೆ ಬಿದ್ದು ಉಣುಗು ಕಡಿಮೆಯಾಗಿತ್ತು, ಸೀಸನ್ ಮುಗಿದಿತ್ತು. ಸಾವಿಗೆಂದು ಆ್ಯಪ್‌ನಲ್ಲಿ ಇಟ್ಟ ಹೊಸ ಗುಂಡಿಯನ್ನು ಒಬ್ಬರೂ ಒತ್ತಲಿಲ್ಲ. ಜೂನ್ ಮೊದಲ ವಾರ ಸಂಯೋಜಕರು ಫೋನ್ ಮಾಡಿದರು.

"ಮೇಡಂ, ಪ್ರಾಜೆಕ್ಟ್ ಮುಂದುವರಿಸ್ತಿಲ್ಲ. ಮೇಲಿನವ್ರು ಬೇರೆ ಜಿಲ್ಲೆ ನೋಡ್ತಿದಾರೆ. ಸರ್ವರ್ ಈ ವಾರ ನಿಲ್ಲಿಸ್ತಾರೆ. ನಿಮ್ಮ ಕೆಲ್ಸ ಚೆನ್ನಾಗಿತ್ತು, ಬರೆದು ಕೊಡ್ತೀನಿ."

ಸಾವಿನ ಫಾರಂ ಈಗಷ್ಟೇ ಸೇರಿದೆ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ ಎಂದೆ. ಅನುಮತಿಯಿಲ್ಲದೆ ಮಾಡಿದ್ದಕ್ಕೆ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಯಾರಿಗೋ ಅದು ಮುಖ್ಯ ಅನ್ನಿಸಿದೆ ಎಂದಾದರೂ ಆಗುತ್ತಿತ್ತು. ವಾರದ ಕೊನೆಗೆ ಸರ್ವರ್ ನಿಂತಿತು. ನಕ್ಷೆ ತೆರೆದರೆ ಬಿಳಿ ಹಾಳೆ.

ಆಶಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆಂದು ತಿಳಿದು ನೋಡಲು ಹೋದೆ. ತೀರ್ಥಹಳ್ಳಿಯಲ್ಲಿ ಬಸ್ ಬದಲಿಸಿ, ಮೇಗರವಳ್ಳಿಯಲ್ಲಿ ಇಳಿದು, ಅಲ್ಲಿಂದ ಆಟೊ. ಜಗಲಿಯಲ್ಲಿ ಕೂತಿದ್ದರು. ತರಬೇತಿಯಲ್ಲಿ ನೋಡಿದ್ದ ಹೆಂಗಸಿನ ಅರ್ಧ ಆಗಿದ್ದರು. ಕೈ ನಡುಗುತ್ತಿತ್ತು, ನನ್ನನ್ನು ಗುರುತಿಸಲು ಕಣ್ಣು ಕಿರಿದು ಮಾಡಬೇಕಾಯಿತು.

"ಇದಕ್ಕಂತ ಇಷ್ಟು ದೂರ ಬಂದ್ರಾ ಅಕ್ಕ?"

ದಾರಿಯುದ್ದಕ್ಕೂ ಹೇಳಬೇಕೆಂದು ಕಟ್ಟಿಕೊಂಡು ಬಂದದ್ದನ್ನು ಹೇಗೋ ಹೇಳಿದೆ. ಆ ಜಾಗಕ್ಕೆ ಹೋಗಿ ಫೋಟೊ ತೆಗೆಯಿರಿ ಎಂದವಳು ನಾನು, ತಪ್ಪು ನನ್ನದು ಎಂದೆ.

"ಬಿಡಿ ಅಕ್ಕ. ಸೌದೆಗೂ ಹೋಗಿದ್ದೆ, ದರಗಿಗೂ ಹೋಗಿದ್ದೆ. ಯಾವ ಹೆಜ್ಜೇಲಿ ಹತ್ತಿತೋ ಯಾರು ಕಂಡ್ರು?" ಎಂದರು. ಕ್ಷಮಿಸಿದ್ದೋ, ಬರೀ ಆಯಾಸವೋ ತಿಳಿಯಲಿಲ್ಲ. ನನಗೆ ಹಗುರವಾಗಲಿಲ್ಲ. ಆಮೇಲೆ ಅವರೇ ಕೇಳಿದರು: "ಈಗ ಆಗ್ತದಾ? ಸ್ಯಾಂಪಲ್ ಇಲ್ದಿದ್ರೂ ಹಾಕಕ್ಕೆ?"

ಪ್ರಾಜೆಕ್ಟ್ ನಿಂತಿದೆ ಎಂದು ಹೇಳಲು ಬಾಯಿ ತೆರೆದೆ. "ಆಗುತ್ತೆ" ಎಂದೆ.

ಒಳಗಿನಿಂದ ಫೋನ್ ತರಿಸಿದರು. ಹೊಸ ಆವೃತ್ತಿ ಅದರಲ್ಲಿ ತಾನಾಗಿಯೇ ಬಂದು ಕೂತಿತ್ತು. 'ಸಾವು, ಸ್ಯಾಂಪಲ್ ಇಲ್ಲ' ಎಂಬ ಗುಂಡಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, "ಓ, ಇದೆ ಇದೆ" ಎಂದರು. ಮಂಗ ಸತ್ತ ನಾಲ್ಕು ದಿನಗಳೂ ಅವರಿಗೆ ಬಾಯಿಪಾಠವಾಗಿದ್ದವು. ನಡುಗುವ ಬೆರಳಿಗೆ ಅಂಕಿ ಸಿಗುತ್ತಿರಲಿಲ್ಲ, ಒಂದು ಒತ್ತಿದರೆ ಪಕ್ಕದ್ದು ಬೀಳುತ್ತಿತ್ತು. ನಾನು ತುಂಬಿಕೊಡುತ್ತೇನೆ ಎಂದರೆ ಬೇಡ ಎಂದರು. "ಜನ ನನ್ನನ್ನ ನಂಬಿ ಸುದ್ದಿ ಹೇಳಿದ್ರು. ಇವಿಷ್ಟು ಉಳ್ಕೊಂಡಿತ್ತು ನಂಗೆ." ನಾಲ್ಕನ್ನೂ ತುಂಬಲು ಮುಕ್ಕಾಲು ತಾಸು ಹಿಡಿಯಿತು. ಒಂದೊಂದು ಮುಗಿದಾಗಲೂ ನಾನೇ ಬರೆದ ಸಾಲು ಪರದೆಯ ಮೇಲೆ ಬಂತು: ಉಳಿಸಲಾಗಿದೆ, ನೆಟ್‌ವರ್ಕ್ ಸಿಕ್ಕಾಗ ಕಳುಹಿಸಲಾಗುವುದು.

ಅವರು ಕಂಬ ಹಿಡಿದು ಎದ್ದು ನಿಂತರು. ನಾನು ಕೈ ಕೊಡಲು ಹೋದೆ, ಬೇಡವೆಂದು ತಲೆಯಾಡಿಸಿ ನಿಧಾನಕ್ಕೆ ಅಂಗಳಕ್ಕೆ ಇಳಿದು, ಬಾವಿಕಟ್ಟೆಯ ಆಚೆ, ನೆಟ್‌ವರ್ಕ್ ಸಿಗುವ ಜಾಗದಲ್ಲಿ ನಿಂತು ಫೋನನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿದರು. ಸರ್ವರ್ ನಿಂತಿದೆ ಎಂದು ಆಗಲಾದರೂ ಹೇಳಬೇಕಿತ್ತು. ಜಗಲಿಯ ಮೇಲೇ ಕೂತಿದ್ದೆ.

"ಇನ್ನೂ ಹೋಗ್ಲಿಲ್ಲ ಅಕ್ಕ" ಎಂದು ಅಲ್ಲಿಂದಲೇ ಕೂಗಿ ಹೇಳಿದರು. "ಇನ್ನೊಂಚೂರು ತಡೀರಿ, ಹೋಗ್ತದೆ."